ಬೆರಳ ತುದಿಯ ಭಾಷಾಸಮಿತಿ



ಮುಂಬೈ, ಪುಣೆ, ಚೆನ್ನೈಗಳಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳಿಗೆ ಊರಿನ ಬಸದಿಯ ಜಗಲಿ ಇಂದು ವಾಟ್ಸಾಪ್ ಗುಂಪಾಗಿದೆ. ವಧೂವರರ ವಿವರ, ಪೂಜೆಯ ವೇಳೆ, ಸಂಘದ ವಂತಿಗೆ ಎಲ್ಲವೂ ಅಲ್ಲಿಯೇ. ಆದುದರಿಂದ ಅಲ್ಲಿ ಬರೆಯುವ ಮಾತೂ ವ್ರತದ ವ್ಯಾಪ್ತಿಗೆ ಸೇರಿದುದೇ ಆಗಿದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುತ್ತದೆ. ಅವುಗಳಲ್ಲಿ ರಹೋಭ್ಯಾಖ್ಯಾನವೆಂದರೆ ಪರರ ಗುಟ್ಟನ್ನು ಬಯಲಿಗಿಡುವುದು. ಕೂಟಲೇಖಕ್ರಿಯೆಯೆಂದರೆ ಸುಳ್ಳು ಬರಹವನ್ನು ಸೃಷ್ಟಿಸುವುದು. ಒಬ್ಬರು ನಂಬಿಕೆಯಿಂದ ಬರೆದ ಸಂದೇಶದ ಸ್ಕ್ರೀನ್‌ಶಾಟನ್ನು ಗುಂಪಿಗೆ ಹಾಕುವುದು ಮೊದಲನೆಯದಲ್ಲದೆ ಮತ್ತೇನು? ಮುನಿಗಳು ಆಡದ ಮಾತನ್ನು ಅವರ ಹೆಸರಿನಲ್ಲಿ ಬರೆದು ಹಂಚುವುದು ಎರಡನೆಯದು.

ಮಕ್ಕಳ ಕಳ್ಳರೆಂಬ ವದಂತಿಯಿಂದ 2018ರಲ್ಲಿ ಬೀದರ್ ಜಿಲ್ಲೆಯೂ ಸೇರಿ ದೇಶದ ಹಲವೆಡೆ ಅಮಾಯಕರು ಜನಜಂಗುಳಿಗೆ ಬಲಿಯಾದರು. ಅದೇ ವರ್ಷ ವಾಟ್ಸಾಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ರವಾನಿಸುವಂತೆ ಮಿತಿ ಹಾಕಿತು. ಯಂತ್ರಕ್ಕೆ ಹಾಕಿದ ಮಿತಿಯನ್ನು ಶ್ರಾವಕನು ತಾನಾಗಿಯೇ ಪಾಲಿಸಬೇಕು.

ನಿಯಮಗಳು ಕೆಲವೇ. ಸಭೆಯ ಸೂಚನೆಯಲ್ಲಿ ದಿನಾಂಕ, ವೇಳೆ, ಸ್ಥಳಗಳು ಮೊದಲ ಸಾಲಿನಲ್ಲಿಯೇ ಇರಲಿ, ಒಕ್ಕಣೆ ಆಮೇಲೆ. ಒಬ್ಬರಿಗೆ ಸಂಬಂಧಿಸಿದ ಉತ್ತರ ಆ ಒಬ್ಬರಿಗೇ ಹೋಗಲಿ. ಕೋಪದಲ್ಲಿ ಬರೆದುದು ಒಂದು ಮುಹೂರ್ತ, ಅಂದರೆ 48 ನಿಮಿಷ, ಕಾದಿರಲಿ; ಮತ್ತೊಮ್ಮೆ ಓದಿದ ಬಳಿಕ ಕಳುಹಿಸಲಿ.

ಸಂಘದ ಲೆಕ್ಕ ಕೇಳುವುದು ಸದಸ್ಯನ ಹಕ್ಕು. ಅನುಮಾನ ಬಂದಾಗ ಮೊದಲು ಖಜಾಂಚಿಯನ್ನು ಕೇಳಿ ವೋಚರುಗಳನ್ನು ನೋಡಬೇಕು. ಉತ್ತರ ದೊರೆಯದಿದ್ದರೆ ಮಹಾಸಭೆಯಲ್ಲಿ ಲಿಖಿತವಾಗಿ ಪ್ರಶ್ನಿಸಬೇಕು. ಅದನ್ನು ಬಿಟ್ಟು “ಹಣ ಎಲ್ಲಿಗೆ ಹೋಯಿತು?” ಎಂದು ಗುಂಪಿನಲ್ಲಿ ಬರೆದ ಒಂದು ಸಾಲು ನೂರು ಮನೆಗಳಲ್ಲಿ ತೀರ್ಪಾಗಿಬಿಡುತ್ತದೆ. ಮರುದಿನ ರಸೀದಿ ಸಿಕ್ಕರೂ ಅದು ಆ ನೂರು ಮನೆಗಳನ್ನು ತಲುಪುವುದಿಲ್ಲ. ವೇತನವಿಲ್ಲದೆ ದುಡಿದ ಖಜಾಂಚಿ ಮುಂದಿನ ವರ್ಷ ನಿಲ್ಲುವುದಿಲ್ಲ. ಆತನ ಮಕ್ಕಳು ಸಂಘದ ಕಡೆಗೆ ತಿರುಗಿಯೂ ನೋಡುವುದಿಲ್ಲ.

ಲೆಕ್ಕದ ಪುಸ್ತಕದಲ್ಲಿ ತಪ್ಪು ನಮೂದನ್ನು ಕೆರೆದು ಅಳಿಸುವಂತಿಲ್ಲ. ಸರಿಪಡಿಸುವ ನಮೂದನ್ನು ಅದೇ ಪುಸ್ತಕದಲ್ಲಿ ಬರೆಯಬೇಕು. ಮಾತಿಗೂ ಇದೇ ಕ್ರಮ ಸಲ್ಲುತ್ತದೆ. ಆರೋಪ ಯಾವ ಗುಂಪಿನಲ್ಲಿ ಬಂದಿತೋ ತಿದ್ದುಪಡಿಯೂ ಅದೇ ಗುಂಪಿನಲ್ಲಿ ಬರಲಿ. ಕ್ಷಮಾವಾಣಿಯ ದಿನ ಎಲ್ಲರಿಗೂ ಒಂದೇ ಚಿತ್ರವನ್ನು ಕಳುಹಿಸುವುದು ಸುಲಭ. ನೊಂದ ಒಬ್ಬರ ಹೆಸರು ಹಿಡಿದು ಎರಡು ಸಾಲು ಬರೆಯುವುದೇ ನಿಜವಾದ ಕ್ಷಮಾಯಾಚನೆ.