ರಾಜಯಕ್ಷ್ಮವೂ ಗ್ರಾಮಶುಶ್ರೂಷೆಯೂ

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

ಉತ್ಸವದ ಸಭೆಯಲ್ಲಿ ರೋಗದ ಮಾತನ್ನೆತ್ತುವುದು ಕೆಲವರಿಗೆ ಅನುಚಿತವೆಂದು ತೋರಬಹುದು. ಆದರೆ ಮಠದ ಬಾಗಿಲಿಗೆ ಬರುವವರು ತತ್ತ್ವವನ್ನು ಕೇಳುವುದಕ್ಕೆ ಮುಂಚೆ ತಮ್ಮ ಮೈಯ ಕಷ್ಟವನ್ನು ಹೇಳಿಕೊಳ್ಳುವರು. ಇದು ಇಲ್ಲಿ ಸೇವೆಮಾಡುವ ನಮಗೆಲ್ಲ ಗೊತ್ತಿರುವ ಸಂಗತಿಯೇ. ಆ ಕಷ್ಟಗಳಲ್ಲಿ ಹಳ್ಳಿಯವರು ಬಾಯಿಬಿಟ್ಟು ಹೇಳಲಾರದ ಒಂದುಂಟು. ಅದೇ ಕ್ಷಯ. ಕೆಮ್ಮು ಎನ್ನುವರು, ನಿಶ್ಶಕ್ತಿ ಎನ್ನುವರು, ದೃಷ್ಟಿ ತಗುಲಿತೆನ್ನುವರು. ಕ್ಷಯವೆಂಬ ಹೆಸರನ್ನು ಮಾತ್ರ ಆಡರು.

ನಾನು ವೈದ್ಯನಲ್ಲ. ಪಾಠಶಾಲೆಯಲ್ಲಿ ವ್ಯಾಕರಣ ಕಾವ್ಯಗಳ ಜೊತೆಗೆ ಆಯುರ್ವೇದದ ಕೆಲವು ಭಾಗಗಳನ್ನು ಓದಿದವನು. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧದ್ರವ್ಯ, ಪರಿಚಾರಕ, ರೋಗಿ. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳು. ಪರಿಚಾರಕನು ಉಪಚಾರವನ್ನು ಬಲ್ಲವನೂ, ದಕ್ಷನೂ, ರೋಗಿಯಲ್ಲಿ ಅನುರಾಗವುಳ್ಳವನೂ, ಶುಚಿಯೂ ಆಗಿರತಕ್ಕದ್ದು. ರೋಗಿಗೂ ಗುಣಗಳನ್ನು ವಿಧಿಸಿರುವುದು ಗಮನಿಸತಕ್ಕ ವಿಷಯ. ಹೇಳಿದುದನ್ನು ನೆನಪಿಡಬೇಕು, ಅದರಂತೆ ನಡೆಯಬೇಕು, ಹೆದರಬಾರದು, ತನ್ನ ತೊಂದರೆಯನ್ನು ವಿವರಿಸಿ ಹೇಳಬೇಕು. ವೈದ್ಯನೇ ಪ್ರಧಾನನೆಂದು ಆಚಾರ್ಯರು ಒಪ್ಪಿರುವರು. ಆದರೆ ಅವನೊಬ್ಬನೇ ಸಾಕೆಂದು ಹೇಳಿಲ್ಲ. ನಾವು ಇದನ್ನು ಬಾಯಿಪಾಠ ಮಾಡಿದೆವು. ನಡತೆಯಲ್ಲಿ ಮಾತ್ರ ವೈದ್ಯನನ್ನು ಉಳಿಸಿಕೊಂಡು ಉಳಿದ ಮೂರು ಪಾದಗಳನ್ನು ಬಿಟ್ಟಿದ್ದೇವೆ. ಊರಿನ ಉಪಕಾರಕ್ಕೆ ಏನು ಮಾಡೋಣವೆಂದರೆ ಆಸ್ಪತ್ರೆಯ ಕಟ್ಟಡವನ್ನು ಎಬ್ಬಿಸೋಣ, ದೊಡ್ಡ ಡಾಕ್ಟರನ್ನು ಕರೆತರೋಣ ಎಂಬುದೇ ಎಲ್ಲರ ಉತ್ತರ. ಈ ಸಭೆಗೆ ಬರುವ ಮುಂಚೆಯೂ ಇಂಥ ಸಲಹೆ ನನ್ನ ಕಿವಿಗೆ ಬಿದ್ದಿತು. ಅದರ ಮೇಲೆಯೇ ನನ್ನ ಅಭಿಪ್ರಾಯವನ್ನು ಅರಿಕೆಮಾಡಬೇಕಾಗಿದೆ.

ಅದೇ ಗ್ರಂಥದ ಚಿಕಿತ್ಸಾಸ್ಥಾನದಲ್ಲಿ ರಾಜಯಕ್ಷ್ಮಕ್ಕೆ ನಾಲ್ಕು ಕಾರಣಗಳನ್ನು ಎಣಿಸಿದೆ. ಶಕ್ತಿಮೀರಿದ ದುಡಿಮೆ ಮೊದಲನೆಯದು, ಹೊತ್ತುಗೊತ್ತಿಲ್ಲದ ವಿಷಮವಾದ ಊಟ ಕೊನೆಯದು. ಈ ರೋಗಕ್ಕೆ ಮೂಲವಾದ ಸೂಕ್ಷ್ಮಾಣು ಆಗ ಯಾರಿಗೂ ತಿಳಿದಿರಲಿಲ್ಲ. ಜರ್ಮನಿಯ ರಾಬರ್ಟ್ ಕಾಕ್ ಅದನ್ನು ತೋರಿಸಿಕೊಟ್ಟದ್ದು 1882ರಲ್ಲಿ. ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತೆಂದು ಸಾಧಿಸಹೊರಡುವ ಪಂಡಿತರ ಪಂಕ್ತಿಗೆ ನಾನು ಸೇರಿದವನಲ್ಲ. ಆದರೂ ದುಡಿದು ದಣಿದು ಅರೆಹೊಟ್ಟೆಯಲ್ಲಿ ಮಲಗುವವನಿಗೆ ಈ ರೋಗ ಬೇಗ ಹತ್ತುವುದೆಂಬುದನ್ನು ಅವರು ಕಣ್ಣಾರೆ ಕಂಡು ಬರೆದರು. ಅದು ಇಂದಿಗೂ ಸುಳ್ಳಾಗಿಲ್ಲ.

ಇನ್ನು ನಮ್ಮ ನಾಡಿನಲ್ಲೇ ನಡೆದ ಒಂದು ವಿಚಾರಣೆಯನ್ನು ಹೇಳುವೆನು. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1959ರಲ್ಲಿ ಜವಾಹರಲಾಲ್ ನೆಹರೂ ಅವರ ಹಸ್ತದಿಂದ ಪ್ರಾರಂಭವಾಯಿತು. ಆ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಂಚರಿಸಿ ರೋಗಿಗಳನ್ನು ಗುರುತಿಸಿದರು. ಹಳ್ಳಿಗರು ಅಜ್ಞಾನಿಗಳು, ರೋಗ ಬಂದರೂ ಅರಿಯರು, ಆಸ್ಪತ್ರೆಯ ಕಡೆ ತಲೆಹಾಕರು ಎಂಬುದು ಪಟ್ಟಣದವರ ನಂಬಿಕೆಯಾಗಿತ್ತು. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ವಿದ್ವಾಂಸರು 1963ರಲ್ಲಿ ಪ್ರಕಟಿಸಿದ ವರದಿ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ರೋಗಿಗಳಲ್ಲಿ ಬಹುಪಾಲು ಜನರು ತಮ್ಮ ತೊಂದರೆಯನ್ನು ಚೆನ್ನಾಗಿ ಅರಿತಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಆಸ್ಪತ್ರೆಗೂ ಹೋಗಿದ್ದರು. ಅಲ್ಲಿ ಅವರಿಗೆ ದೊರೆತದ್ದು ಕೆಮ್ಮಿನ ಔಷಧದ ಒಂದು ಸೀಸೆ! ಬಂದವನ ಕಫವನ್ನು ಪರೀಕ್ಷಿಸುವವರಿಲ್ಲ, ಅವನ ಹೆಸರನ್ನು ಬರೆದಿಟ್ಟುಕೊಳ್ಳುವವರಿಲ್ಲ, ಮತ್ತೆ ಬಂದನೇ ಎಂದು ನೋಡುವವರಿಲ್ಲ. ಈ ವಿಚಾರಣೆಯ ಫಲವಾಗಿ ಕ್ಷಯದ ಚಿಕಿತ್ಸೆಯನ್ನು ಜಿಲ್ಲೆಯ ಸಾಮಾನ್ಯ ಆರೋಗ್ಯ ಕೇಂದ್ರಗಳಿಗೇ ಸೇರಿಸಬೇಕೆಂಬ ಯೋಜನೆ 1962ರಿಂದ ದೇಶಕ್ಕೆಲ್ಲ ವಿಸ್ತರಿಸಿತು. ನಮ್ಮ ಜಿಲ್ಲೆಗಳ ಹೊಲಗದ್ದೆಗಳ ನಡುವೆ ಕಲಿತ ಪಾಠವನ್ನು ಇಡೀ ದೇಶವೇ ಓದಿತೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಅದಕ್ಕೆ ಸ್ವಲ್ಪ ಮುಂಚೆ ಮದರಾಸಿನಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. 1956ರಲ್ಲಿ ಆರಂಭಿಸಿ 1959ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಅದುವರೆಗೆ ಕ್ಷಯರೋಗಿಯನ್ನು ಊರ ಹೊರಗಣ ಆರೋಗ್ಯಧಾಮಕ್ಕೆ ಕಳುಹಿಸಿ, ತಿಂಗಳುಗಟ್ಟಲೆ ಮಲಗಿಸಿ, ಹಾಲು ಮೊಟ್ಟೆಗಳನ್ನು ಕೊಡುವುದೇ ಪದ್ಧತಿ. ಮದರಾಸಿನ ವೈದ್ಯರು ರೋಗಿಗಳಲ್ಲಿ ಕೆಲವರನ್ನು ಆರೋಗ್ಯಧಾಮದಲ್ಲಿಟ್ಟು, ಕೆಲವರಿಗೆ ಅವರ ಇಕ್ಕಟ್ಟಾದ ಮನೆಗಳಲ್ಲಿಯೇ ಅದೇ ಔಷಧಗಳನ್ನು ಕೊಟ್ಟರು. ಗುಣವಾದವರ ಪ್ರಮಾಣ ಎರಡು ಕಡೆಯೂ ಹೆಚ್ಚುಕಡಮೆ ಸಮವಾಗಿತ್ತು. ಮನೆಯವರಿಗೆ ರೋಗ ಹೆಚ್ಚಾಗಿ ಹಬ್ಬಲೂ ಇಲ್ಲ. ರೋಗಿಯನ್ನು ಊರಿನಿಂದ ಹೊರಗಟ್ಟುವುದಕ್ಕೆ ಇದ್ದ ಶಾಸ್ತ್ರೀಯ ಕಾರಣ ಅಂದೇ ತೀರಿತು. ಲೋಕಾಚಾರದ ಕಾರಣ ಮಾತ್ರ ತೀರಲಿಲ್ಲ.

ಈಗ ಸಾಮಾನ್ಯವಾದ ಕ್ಷಯಕ್ಕೆ ಔಷಧವು ಆರು ತಿಂಗಳಿನದು: ಮೊದಲ ಎರಡು ತಿಂಗಳು ನಾಲ್ಕು ಔಷಧಗಳು, ಮುಂದಿನ ನಾಲ್ಕು ತಿಂಗಳು ಮೂರು. ದೇಹದ ತೂಕಕ್ಕೆ ತಕ್ಕಂತೆ ಗುಳಿಗೆಗಳ ಸಂಖ್ಯೆ. ದಿನವೂ ನುಂಗಬೇಕು. ಸರ್ಕಾರದ ಕೇಂದ್ರದಲ್ಲಿ ಇದಕ್ಕೆ ಬೆಲೆಯಿಲ್ಲ. ಇಷ್ಟು ಸುಲಭವಾದ ಮೇಲೆ ಜನರು ಏಕೆ ಸಾಯುವರು ಎಂದು ನೀವು ಕೇಳಬಹುದು. ಆರು ತಿಂಗಳೆಂದರೆ ಸುಮಾರು ನೂರೆಂಬತ್ತು ಮುಂಜಾವುಗಳು. ಅಷ್ಟು ದಿನಗಳ ಗಂಡಾಂತರಗಳನ್ನು ಎಣಿಸಿದರೆ ಉತ್ತರ ತಿಳಿಯುವುದು. ಮೊದಲ ದಿನಗಳಲ್ಲೇ ಔಷಧದ ಬಣ್ಣದಿಂದ ಮೂತ್ರ ಕೆಂಪಾಗುವುದು. ಇದು ಅಪಾಯವಲ್ಲ; ಮುಂಚೆಯೇ ಹೇಳಿದ್ದರೆ ರೋಗಿ ಹೆದರನು. ಹೇಳದಿದ್ದರೆ, ಗುಳಿಗೆಯಿಂದ ರಕ್ತ ಹೋಗುತ್ತಿದೆಯೆಂದು ಮಡಕೆಯೊಳಗೆ ಬಚ್ಚಿಡುವನು. ಕೆಲವರಿಗೆ ವಾಕರಿಕೆ, ಕೆಲವರಿಗೆ ಮೈತುರಿಕೆ. ಕಣ್ಣು ಹಳದಿಯಾದರೆ ಮಾತ್ರ ಅದು ಕಾಮಾಲೆಯ ಲಕ್ಷಣ. ಆಗ ಗುಳಿಗೆಯನ್ನು ನಿಲ್ಲಿಸಿ ಆ ದಿನವೇ ವೈದ್ಯರ ಬಳಿಗೆ ಹೋಗಬೇಕು. ಎಲ್ಲಕ್ಕಿಂತ ದೊಡ್ಡ ಗಂಡಾಂತರ ಎರಡನೆಯ ತಿಂಗಳಿನದು: ಕೆಮ್ಮು ನಿಲ್ಲುವುದು, ಹಸಿವು ಹುಟ್ಟುವುದು, ಮೈ ತುಂಬುವುದು. ಗುಣವಾದೆನೆಂದು ರೋಗಿ ಕಬ್ಬು ಕಡಿಯಲೋ, ಇಟ್ಟಿಗೆ ಗೂಡಿಗೋ, ಬೆಂಗಳೂರಿನ ಕೂಲಿಗೋ ಹೊರಟುಬಿಡುವನು. ಒಳಗೆ ಉಳಿದ ಕ್ರಿಮಿ ಔಷಧಕ್ಕೆ ಮಣಿಯದ ಮೊಂಡುತನವನ್ನು ಕಲಿಯುವುದು ಹೀಗೆಯೇ. ಆಮೇಲಿನ ಚಿಕಿತ್ಸೆ ಬಹು ಕಷ್ಟದ್ದು.

ಆ ಎರಡನೆಯ ತಿಂಗಳಲ್ಲಿ ದೊಡ್ಡ ಡಾಕ್ಟರು ಏನು ಮಾಡಬಲ್ಲರು? ಅವರ ಕೋಣೆಗೆ ಬಾರದವನು ಅವರ ಕಣ್ಣಿಗೆ ಬೀಳನು. ಅವನು ಬರಲಿಲ್ಲವೆಂಬುದನ್ನು ಅರಿಯತಕ್ಕವರು ಬೇರೆ ಇರುವರು. ಬಯಲುಸೀಮೆಯಲ್ಲಿ ಸುಮಾರು 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಕ್ಕೆ ಒಂದು ಉಪಕೇಂದ್ರ, ಸಾವಿರ ಜನಕ್ಕೆ ಒಬ್ಬ ಆಶಾ ಕಾರ್ಯಕರ್ತೆ. ಇದು ಸರ್ಕಾರದ ಕ್ರಮ. ಆಶಾ ಎಂಬ ವ್ಯವಸ್ಥೆ 2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದದ್ದು. ಎರಡು ವಾರಕ್ಕೆ ಮೀರಿ ಕೆಮ್ಮುವವನನ್ನು ಕಂಡು ಕಫಪರೀಕ್ಷೆಗೆ ಕಳುಹಿಸುವವಳು ಆಕೆ. ಪರೀಕ್ಷಿಸುವವನು ಪ್ರಯೋಗಶಾಲೆಯವನು. ಚಿಕಿತ್ಸೆಯನ್ನು ನಿರ್ಣಯಿಸುವವರು ವೈದ್ಯಾಧಿಕಾರಿಗಳು. ಲೆಕ್ಕವಿಟ್ಟು, ಊರೂರು ತಿರುಗಿ, ತಪ್ಪಿದವರನ್ನು ಹುಡುಕುವವನು ಚಿಕಿತ್ಸಾ ಮೇಲ್ವಿಚಾರಕನು. ಉಪಕೇಂದ್ರದ ಸಹೋದರಿಯರು ತೂಕ ನೋಡುವರು, ಮನೆಯ ಮಕ್ಕಳನ್ನು ಪರೀಕ್ಷೆಗೆ ಹಚ್ಚುವರು. ಇವರಲ್ಲಿ ಯಾರೊಬ್ಬರು ಕಳಚಿದರೂ ಸರಪಳಿ ಹರಿಯುವುದು. ಚರಕನು ಪರಿಚಾರಕನೆಂದು ಒಂದೇ ಮಾತಿನಲ್ಲಿ ಹೇಳಿದ ಪಾದವು ಇಂದು ಐದಾರು ಜನರಲ್ಲಿ ಹಂಚಿಹೋಗಿದೆಯೆಂದು ತಿಳಿದರೆ ಸಾಕು.

ಇವರಲ್ಲಿ ಆಶಾ ಕಾರ್ಯಕರ್ತೆಗೆ ಸಿಕ್ಕುವುದು ಸಂಬಳವಲ್ಲ, ಗೌರವಧನ. ಗೌರವವಾದರೂ ಸಿಕ್ಕುವುದೇ? ನಮ್ಮ ಊರುಗಳಲ್ಲಿ ವೈದ್ಯರಿಗೆ ಶಾಲು ಹೊದಿಸುವೆವು. ಮಧ್ಯಾಹ್ನದ ಬಿಸಿಲಿನಲ್ಲಿ ಗುಳಿಗೆಯ ಪೊಟ್ಟಣ ಹಿಡಿದು ಬಾಗಿಲಿಗೆ ಬಂದ ಹೆಣ್ಣುಮಗಳಿಗೆ ಕುಳಿತುಕೊಳ್ಳಮ್ಮ ಎಂದು ಮಣೆ ಹಾಕುವವರು ಎಷ್ಟು ಮಂದಿ? ಆಕೆಯ ಜಾತಿಯನ್ನು ಕೇಳಿ ಹೊರಗೆ ನಿಲ್ಲಿಸುವ ಮನೆಗಳೂ ಉಂಟೆಂಬುದನ್ನು ಶರಣರ ಹೆಸರಿನ ಈ ಸಭೆಯಲ್ಲಿ ಹೇಳಲು ನಾಚಿಕೆಯಾಗುತ್ತದೆ.

ಕೆಲವು ವರ್ಷಗಳ ಕೆಳಗೆ ಒಂದು ಊರಿನ ಜಾತ್ರೆಯ ಪಂಕ್ತಿಯಲ್ಲಿ ನಾನು ಕಂಡದ್ದೊಂದುಂಟು; ಹೆಸರು ಬೇಡ, ಊರೂ ಬೇಡ. ಮೂವತ್ತರ ಒಳಗಿನ ಒಬ್ಬ ನೇಕಾರ ಎಲೆಯ ಮುಂದೆ ಕುಳಿತಿದ್ದನು. ಯಾರೋ ಪಕ್ಕದವನ ಕಿವಿಯಲ್ಲಿ ಏನೋ ಉಸುರಿದರು. ಪಕ್ಕದವನು ಎಲೆಯನ್ನೆತ್ತಿಕೊಂಡು ಸರಿದನು, ಅವನ ಆಚೆಯವನೂ ಸರಿದನು. ಆ ಯುವಕನು ಕೈತುತ್ತನ್ನು ಎಲೆಯಲ್ಲೇ ಬಿಟ್ಟು ಎದ್ದುಹೋದನು. ನಾನು ಹಿಂದೆಯೇ ಹೋಗಿ ಮಾತನಾಡಿಸಿದೆನು. ಅವನು ಚಿಕಿತ್ಸೆಯ ನಾಲ್ಕನೆಯ ತಿಂಗಳಿನಲ್ಲಿದ್ದನು, ಕಫದಲ್ಲಿ ಕ್ರಿಮಿಯಿಲ್ಲವೆಂದು ಪರೀಕ್ಷೆಯೂ ಆಗಿತ್ತು. ಇನ್ನು ಮೇಲೆ ಆ ಅಮ್ಮ ಗುಳಿಗೆ ತೆಗೆದುಕೊಂಡು ನಮ್ಮ ಮನೆಗೆ ಬರುವುದು ಬೇಡ, ಊರೆಲ್ಲ ನೋಡುತ್ತಾರೆ, ನನಗೆ ಮದುವೆಯಾಗದ ತಂಗಿ ಇದ್ದಾಳೆ ಎಂದನು. ಆ ಕಾರ್ಯಕರ್ತೆ ಜಾಣೆ. ಮರುದಿನದಿಂದ ಅವನ ಮನೆಗೆ ಹೋಗಲಿಲ್ಲ; ನೀರಿಗೆ ಹೋಗುವ ದಾರಿಯಲ್ಲಿ ಅವನ ತಾಯಿಯ ಕೈಗೆ ಗುಳಿಗೆಯನ್ನಿತ್ತು, ಖಾಲಿ ಪೊಟ್ಟಣವನ್ನು ಮರಳಿ ಪಡೆದು ಎಣಿಸುತ್ತಿದ್ದಳು. ಹೀಗೆ ಆರು ತಿಂಗಳು ಪೂರೈಸಿತು. ಇಂಥ ಉಪಾಯ ಯಾವ ಸುತ್ತೋಲೆಯಲ್ಲಿಯೂ ಬರೆದಿರದು.

ಕ್ಷಯವು ತಟ್ಟೆ ಬಟ್ಟಲುಗಳಿಂದ ಹರಡುವುದಲ್ಲ, ಒಂದೇ ಪಂಕ್ತಿಯ ಅನ್ನದಿಂದಲೂ ಹರಡುವುದಲ್ಲ. ಚಿಕಿತ್ಸೆಯಿಲ್ಲದ ಶ್ವಾಸಕೋಶದ ರೋಗಿ ಕೆಮ್ಮಿದಾಗ ಗಾಳಿಯ ಮೂಲಕ ಹರಡುವುದು. ತಕ್ಕ ಔಷಧವನ್ನು ತಪ್ಪದೆ ಸೇವಿಸಿದರೆ ಕೆಲವು ವಾರಗಳಲ್ಲಿ ಆ ಭಯ ಬಹುಮಟ್ಟಿಗೆ ತೊಲಗುವುದು. ಹಾಗಿರುವಾಗ ಔಷಧ ನುಂಗುತ್ತಿರುವವನನ್ನು ದೂರಮಾಡಿ, ಹೆದರಿ ಬಚ್ಚಿಟ್ಟುಕೊಂಡು ಕೆಮ್ಮುವವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಎಂಥ ವಿವೇಕ?

ಆಹಾರದ ಮಾತು ಉಳಿದಿದೆ. ಮದರಾಸಿನ ಪ್ರಯೋಗದಲ್ಲಿ ಮನೆಯ ಬಡ ಊಟದಲ್ಲಿಯೂ ರೋಗಿಗಳು ಗುಣವಾದುದರಿಂದ, ಔಷಧವಿದ್ದರೆ ಅನ್ನದ ಚಿಂತೆ ಬೇಡವೆಂಬ ಭಾವನೆ ಬಹುಕಾಲ ನೆಲೆನಿಂತಿತು. ಪ್ರಯೋಗವು ಹೇಳಿದ್ದು ಅಷ್ಟನ್ನಲ್ಲ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಅವರೂ ಸಂಗಡಿಗರೂ ಝಾರ್ಖಂಡದಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತಿದ್ದಿತು. 2,800 ರೋಗಿಗಳ ಮನೆಗಳಲ್ಲಿ ಅವರೊಡನೆ ವಾಸಿಸುತ್ತಿದ್ದ 10,345 ಜನರನ್ನು ಅವರು ಗಮನಿಸಿದರು. ರೋಗಿಗಳೆಲ್ಲರಿಗೂ ಆಹಾರಧಾನ್ಯವನ್ನು ಕೊಟ್ಟರು. ಒಂದು ವಿಭಾಗದ ಮನೆಗಳಲ್ಲಿ ಮಾತ್ರ ಮನೆಮಂದಿಗೂ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, 1.5 ಕಿಲೋ ತೊಗರಿಬೇಳೆ, ಜೊತೆಗೆ ಜೀವಸತ್ತ್ವದ ಗುಳಿಗೆಗಳು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದವರ ಪ್ರಮಾಣ ನೂರಕ್ಕೆ 39ರಷ್ಟು ಕಡಮೆಯಾಯಿತು. ಅಕ್ಕಿ ಬೇಳೆ! ಮಠಕ್ಕೆ ಅಪರಿಚಿತವಾದ ಔಷಧವಲ್ಲ ಇದು. ಸರ್ಕಾರವು ರೋಗಿಯ ಪೋಷಣೆಗೆ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರಿನಿಂದ 1,000 ರೂಪಾಯಿಗೆ ಏರಿಸಿತು. ರೋಗಿಯ ಒಪ್ಪಿಗೆಯಿದ್ದರೆ ಸಂಸ್ಥೆಗಳೂ ವ್ಯಕ್ತಿಗಳೂ ಆಹಾರದ ನೆರವು ನೀಡಲು ‘ನಿಕ್ಷಯ ಮಿತ್ರ’ ಎಂಬ ಏರ್ಪಾಡನ್ನು 2022ರಲ್ಲಿ ತೆರೆಯಿತು. ಆದರೆ ಆ ಹಣವೂ ಆ ಧಾನ್ಯವೂ ರೋಗಿಯನ್ನು ಮಾತ್ರ ನೋಡಿದರೆ ಸಾಲದು, ಒಂದೇ ಸೂರಿನ ಕೆಳಗೆ ಮಲಗುವ ಮುದುಕಿ ಮಕ್ಕಳನ್ನೂ ನೋಡಬೇಕೆಂದು ನಾನು ತಿಳಿದಿರುವೆನು.

ಆದ್ದರಿಂದ ಕಟ್ಟಡಕ್ಕಾಗಿ ಹಣ ಕೂಡಿಸಬೇಕೆಂದಿರುವ ಭಕ್ತರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಮಠದ ಉಗ್ರಾಣದಿಂದ, ಸುತ್ತಣ ಆರೋಗ್ಯ ಕೇಂದ್ರಗಳ ಪಟ್ಟಿಯಲ್ಲಿರುವ ಕ್ಷಯರೋಗಿಗಳ ಮನೆಗಳಿಗೆ, ಚಿಕಿತ್ಸೆ ಮುಗಿಯುವವರೆಗೆ ತಲೆಯೆಣಿಸಿ ಅಕ್ಕಿ ಬೇಳೆ ಹೋಗಲಿ. ಪಟ್ಟಿ ವೈದ್ಯಾಧಿಕಾರಿಗಳ ಬಳಿಯಲ್ಲೇ ಇರಲಿ. ರೋಗಿ ಒಪ್ಪಿದರಲ್ಲದೆ ಅವನ ಹೆಸರು ನಮ್ಮ ಕೈಗೆ ಬರಬೇಕಾಗಿಲ್ಲ. ವೇದಿಕೆಯ ಮೇಲೆ ಕರೆದು ಕೊಡುವುದು ಬೇಡ, ಛಾಯಾಚಿತ್ರ ಬೇಡ. ಕೇಂದ್ರದವರೆಗೆ ಮಠದ ಬಂಡಿ ಮುಟ್ಟಿಸಲಿ, ಅಲ್ಲಿಂದ ಮುಂದೆ ಯಾವ ಮನೆಗೆ ಯಾವ ಹೊತ್ತಿನಲ್ಲಿ ಹೇಗೆ ತಲುಪಿಸಬೇಕೆಂಬುದನ್ನು ಆಶಾ ಕಾರ್ಯಕರ್ತೆಯರು ಬಲ್ಲರು. ಚೀಲದ ಮೇಲೆ ಮಠದ ಮುದ್ರೆಯನ್ನಾಗಲಿ ದಾನಿಗಳ ಹೆಸರನ್ನಾಗಲಿ ಅಚ್ಚುಹಾಕಬಾರದು. ಸಂತೆಯಿಂದ ತಂದ ಚೀಲದಂತೆಯೇ ಅದು ಕಾಣಬೇಕು.