ದೂರದ ಹಿಮವೂ ನುಣ್ಣಗೆ

(ತುಮಕೂರು ತಾಲ್ಲೂಕಿನ ಗೂಳೂರಿನಲ್ಲಿ ಚಾರಣಾಸಕ್ತ ಯುವಕ ಯುವತಿಯರು ಹಾಗೂ ಅವರ ಹೆತ್ತವರ ಮುಂದೆ ಆಡಿದ ಮಾತುಗಳ ಬರಹ ರೂಪ)



ಬೆಟ್ಟ ಹತ್ತುವುದು ನಮ್ಮ ಸೀಮೆಯವರಿಗೆ ಹೊಸದೇನಲ್ಲ. ದೇವರಾಯನದುರ್ಗ, ಸಿದ್ಧರಬೆಟ್ಟ, ಚನ್ನರಾಯನದುರ್ಗ, ಹುಲಿಯೂರುದುರ್ಗ, ಮಧುಗಿರಿಯ ಏಕಶಿಲೆ, ಇವೆಲ್ಲ ನಮ್ಮ ಹಿತ್ತಿಲ ಬೆಟ್ಟಗಳು. ಶಾಲೆಯ ಮಕ್ಕಳು, ಹರಕೆ ಹೊತ್ತವರು, ದನ ಅರಸಿ ಹೋದವರು ಎಲ್ಲರೂ ಹತ್ತಿ ಇಳಿದವರೇ. ಈ ಬೆಟ್ಟಗಳು ನಮಗೆ ಕಲಿಸಿರುವ ಪಾಠ ಒಂದೇ: ಕಾಲು ಜಾರದಂತೆ ನೋಡಿಕೋ, ಬಂಡೆ ಎಲ್ಲಿಗೂ ಹೋಗುವುದಿಲ್ಲ.

ಈಗ ಕೆಲವು ವರ್ಷಗಳಿಂದ ನಮ್ಮ ಹುಡುಗ ಹುಡುಗಿಯರು ಡಿಸೆಂಬರ್, ಜನವರಿಯಲ್ಲಿ ಉತ್ತರಾಖಂಡಕ್ಕೆ, ಹಿಮಾಚಲಕ್ಕೆ ಹೊರಡುತ್ತಿದ್ದಾರೆ. ಕೇದಾರಕಂಠದಂಥ 12 ಸಾವಿರ ಅಡಿ ಮೀರಿದ ಶಿಖರಗಳನ್ನು ಹಿಮದಲ್ಲೇ ಹತ್ತಿ ಬರುತ್ತಿದ್ದಾರೆ. ಸಂತೋಷದ ಸಂಗತಿ. ಆದರೆ ಮಧುಗಿರಿಯ ಪಾಠ ಅಲ್ಲಿ ಅರ್ಧ ಮಾತ್ರ ನಿಜ. ಇಲ್ಲಿ ಜಾರುವುದು ನಮ್ಮ ಕಾಲು. ಅಲ್ಲಿ ಜಾರುವುದು ಬೆಟ್ಟದ ಮೈಯೇ. ಈ ವ್ಯತ್ಯಾಸವನ್ನು ಸ್ವಲ್ಪ ಬಿಡಿಸಿ ನೋಡೋಣ.

ಮಾತಿಲ್ಲದ ಅಪಾಯ

ಮೊದಲ ತೊಡಕು ಭಾಷೆಯದು. ಹಿಮ ಬೀಳದ ನಾಡು ನಮ್ಮದು. ಬೆಳಗಿನ ಮಸುಕೂ ನಮಗೆ ಮಂಜು, ಹಿಮಾಲಯದ ಹಿಮವೂ ಮಂಜು, ಶರಬತ್ತಿಗೆ ಹಾಕುವುದು ಮಂಜುಗಡ್ಡೆ. ಪತ್ರಿಕೆಗಳಲ್ಲಿ ‘ಹಿಮಪಾತ’ ಎಂಬ ಪದ ಮೂರು ಬೇರೆ ಬೇರೆ ಸಂಗತಿಗಳಿಗೆ ಬಳಕೆಯಾಗುತ್ತದೆ. ಆಕಾಶದಿಂದ ಹಿಮ ಉದುರುವುದು ಒಂದು. ಬಿರುಗಾಳಿಯೊಡನೆ ಹಿಮ ಬಡಿದು ಕಣ್ಣು ಕಾಣದಂತಾಗುವುದು ಎರಡನೆಯದು. ಇಳಿಜಾರಿನಲ್ಲಿ ಕೂತಿದ್ದ ಹಿಮರಾಶಿ ಒಮ್ಮೆಲೇ ಕಳಚಿಕೊಂಡು ಧುಮುಕುವುದು ಮೂರನೆಯದು. ಭೂಕುಸಿತ ಎನ್ನುವ ಹಾಗೆ ಈ ಮೂರನೆಯದನ್ನು ಹಿಮಕುಸಿತ ಎನ್ನುವುದು ಸ್ಪಷ್ಟ. ಹೆಸರು ಬೇರೆ ಮಾಡಿಕೊಳ್ಳದಿದ್ದರೆ ಎಚ್ಚರಿಕೆಯೂ ಬೇರೆಯಾಗುವುದಿಲ್ಲ. ಹಿಮಗಾಳಿಗೆ ಉಪಾಯ ಬೆಚ್ಚಗಿನ ಬಟ್ಟೆ, ಆಸರೆ, ಬೇಗ ಕೆಳಗಿಳಿಯುವುದು. ಹಿಮಕುಸಿತಕ್ಕೆ ಉಪಾಯ ಆ ಇಳಿಜಾರಿಗೇ ಹೋಗದಿರುವುದು.

ಕನ್ನಡಿಗರಿಗೆ ಈ ಎರಡೂ ದೂರದ ಕಥೆಗಳಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್ ನೀರ್ಗಲ್ಲಿನ ಮೇಲೆ, 19,600 ಅಡಿ ಎತ್ತರದ ಸೇನಾ ಠಾಣೆಯೊಂದರ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ಅವರಲ್ಲಿ ಮೂವರು ನಮ್ಮವರು: ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ್, ಮೈಸೂರು ಜಿಲ್ಲೆಯ ಸಿಪಾಯಿ ಮಹೇಶ್. ಫೆಬ್ರುವರಿ 8ರಂದು, 25 ಅಡಿಗೂ ಹೆಚ್ಚು ಆಳದಲ್ಲಿ ಹನುಮಂತಪ್ಪ ಜೀವಂತ ಸಿಕ್ಕರು. ಇಡೀ ದೇಶ ಕೈಮುಗಿದು ಕಾಯಿತು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡ ‘ದ್ರೌಪದಿ ಕಾ ದಂಡಾ–2’ ಶಿಖರದ ಇಳಿಜಾರಿನಲ್ಲಿದ್ದಾಗ ಹಿಮ ಕುಸಿಯಿತು. 29 ಮಂದಿ ಹೋದರು; ಅವರಲ್ಲಿ ಕರ್ನಾಟಕದವರೂ ಇದ್ದರು. ಬೋಧಕಿಯಾಗಿದ್ದ ಸವಿತಾ ಕನ್‌ಸ್ವಾಲ್ ಅದೇ ವರ್ಷದ ಮೇ ತಿಂಗಳಲ್ಲಿ ಎವರೆಸ್ಟ್ ಹಾಗೂ ಮಕಾಲು ಎರಡನ್ನೂ ಹತ್ತಿದ್ದವರು. ಆಕೆಯೂ ಉಳಿಯಲಿಲ್ಲ. ಅನುಭವ ಇದ್ದವರನ್ನು ಹಿಮ ಬಿಟ್ಟುಬಿಡುತ್ತದೆ ಎಂಬ ಭ್ರಮೆ ಬೇಡ.

ಇನ್ನು 2024ರ ಜೂನ್ ಮೊದಲ ವಾರದ ಸಹಸ್ರತಾಲ್ ದುರಂತ. ಸ್ಥಳೀಯ ಮಾರ್ಗದರ್ಶಿಗಳೂ ಸೇರಿದಂತೆ 22 ಮಂದಿಯ ತಂಡ, ಹೆಚ್ಚಿನವರು ಕರ್ನಾಟಕದವರು. ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ಅಸುನೀಗಿದರು. ಅದು ಹಿಮಕುಸಿತವಲ್ಲ, ಚಳಿಗಾಲವೂ ಅಲ್ಲ. ನಮ್ಮಲ್ಲಿ ಮುಂಗಾರು ಕಾಲಿಡುವ ಹೊತ್ತಿನಲ್ಲೂ ಆ ಎತ್ತರದಲ್ಲಿ ಚಳಿಗಾಲ ಒಂದೇ ಮಧ್ಯಾಹ್ನದಲ್ಲಿ ಮರಳಿ ಬರಬಲ್ಲದು ಎಂಬುದನ್ನು ಅದು ತೋರಿಸಿತು.

ಮಣ್ಣಿನ ಮೇಲೆ ಮಣ್ಣು ಮೆತ್ತಿದ ಹಾಗೆ

ಹಿಮ ಏಕೆ ಕುಸಿಯುತ್ತದೆ? ಇದನ್ನು ಗೂಳೂರಿನವರಿಗೆ ಹೇಳುವುದು ಸುಲಭ. ಕೆರೆಯ ಮಣ್ಣು ತಂದು ಆಳೆತ್ತರಕ್ಕೂ ಮೀರಿದ ಗಣಪತಿಯನ್ನು ತಿದ್ದುವ ಊರು ಇದು. ಮಣ್ಣಿನ ಕೆಲಸ ಬಲ್ಲವರಿಗೆ ಗೊತ್ತು: ಒಣಗಿ ನುಣುಪಾದ ಮಣ್ಣಿನ ಮೇಲೆ ಹಸಿಮಣ್ಣು ಮೆತ್ತಿದರೆ ಹಿಡಿಯುವುದಿಲ್ಲ. ಮೇಲೆ ನೋಡಲು ಚೆನ್ನಾಗಿಯೇ ಇರುತ್ತದೆ. ಒಳಗೆ ಎರಡು ಪದರಗಳ ನಡುವೆ ಬೆಸುಗೆ ಇರುವುದಿಲ್ಲ. ಒಂದು ಪೆಟ್ಟಿಗೆ ಹೆಕ್ಕಳಿಕೆಯಾಗಿ ಕಳಚುತ್ತದೆ.

ಹಿಮವೂ ಹೀಗೆ ಪದರ ಪದರವಾಗಿ ಕೂಡುತ್ತದೆ. ಒಂದು ಸಲ ಬಿದ್ದ ಹಿಮದ ಮೈ ಬಿಸಿಲಿಗೆ ಕರಗಿ ರಾತ್ರಿ ಗಾಜಿನಂತೆ ಹೆಪ್ಪುಗಟ್ಟಬಹುದು. ತೆಳುವಾದ ಹಿಮದ ಮೇಲೆ ಬಹಳ ದಿನ ಕಡುಚಳಿ ಕೂತರೆ ಅದರ ತಳ ಸಕ್ಕರೆಯ ಹರಳುಗಳಂತೆ ಬಿಡಿಬಿಡಿಯಾಗುತ್ತದೆ. ಇಂಥ ದುರ್ಬಲ ಪದರದ ಮೇಲೆ ಹೊಸ ಹಿಮ ಬಿದ್ದು, ಗಾಳಿಗೆ ಗಟ್ಟಿಯಾಗಿ, ಒಂದು ಚಪ್ಪಡಿಯೇ ಸಿದ್ಧವಾಗುತ್ತದೆ. ಕೆಳಗೆ ಸಕ್ಕರೆ, ಮೇಲೆ ಚಪ್ಪಡಿ, ಅದೂ ಇಳಿಜಾರಿನಲ್ಲಿ. ಮೇಲೊಬ್ಬ ಮನುಷ್ಯ ಕಾಲಿಟ್ಟರೆ ಸಾಕು, ತಳದ ಹರಳುಗಳು ಕುಸಿದು ಆ ಕುಸಿತ ಸುತ್ತಲೂ ಹಬ್ಬುತ್ತದೆ; ಚಪ್ಪಡಿ ಬಿರುಕುಬಿಟ್ಟು ಜಾರುತ್ತದೆ.

ಕಣದಲ್ಲಿ ರಾಗಿ ರಾಶಿ ಒಂದು ಕಡೆಯಿಂದ ಸುರಿದುಕೊಳ್ಳುವಂತೆ ಬಿಡಿ ಹಿಮ ಜಾರುವುದೂ ಉಂಟು. ಅದು ಒಂದು ಬಿಂದುವಿನಿಂದ ಶುರುವಾಗಿ ಅಗಲವಾಗುತ್ತ ಹೋಗುತ್ತದೆ. ಸಾಮಾನ್ಯವಾಗಿ ಅದರ ಹಾವಳಿ ಕಡಿಮೆ. ಹೆಚ್ಚು ಜೀವ ತೆಗೆಯುವುದು ಚಪ್ಪಡಿಯೇ. 50 ಮೀಟರ್ ಉದ್ದ, ಅಷ್ಟೇ ಅಗಲ, ಬರೀ ಮೊಣಕಾಲುದ್ದ ದಪ್ಪದ ಒಂದು ಚಪ್ಪಡಿ ಎಂದಿಟ್ಟುಕೊಳ್ಳಿ. ಗಾಳಿ ಬಡಿದ ಹಿಮ ಘನಮೀಟರಿಗೆ 200 ಕಿಲೋ ತೂಗಿದರೂ ಒಟ್ಟು ತೂಕ 250 ಟನ್. ಹತ್ತು ಟನ್ ಹೊರುವ 25 ಲಾರಿಗಳ ಭಾರ. ಅದು ಗಂಟೆಗೆ ನೂರು ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಬರಬಲ್ಲದು. ನಿಂತ ಕೂಡಲೇ ಕಾಂಕ್ರೀಟಿನಂತೆ ಗಟ್ಟಿಯಾಗುತ್ತದೆ. ಹತ್ತಿಯಂತೆ ಕಂಡ ಹಿಮದಲ್ಲಿ ಬೆರಳು ಅಲ್ಲಾಡಿಸಲೂ ಆಗುವುದಿಲ್ಲ.

ಎಲ್ಲಿ, ಯಾವಾಗ

‘ದೂರದ ಬೆಟ್ಟ ನುಣ್ಣಗೆ’ ಎಂಬುದು ನಮ್ಮ ಗಾದೆ. ಹತ್ತಿರ ಹೋದರೆ ಕಲ್ಲು ಮುಳ್ಳು ಕಾಣುತ್ತದೆ ಎಂದು ಅದರ ಅರ್ಥ. ಹಿಮದ ಬೆಟ್ಟ ಹತ್ತಿರಕ್ಕೂ ನುಣ್ಣಗೇ ಕಾಣುತ್ತದೆ. ಮೋಸ ಇರುವುದು ಅಲ್ಲೇ. ಗಿಡಮರವಿಲ್ಲದ, ಬಂಡೆ ಎದ್ದು ಕಾಣದ, ಫೋಟೋಗೆ ಹೇಳಿ ಮಾಡಿಸಿದಂಥ ನುಣುಪು ಇಳಿಜಾರು ಎಷ್ಟೋ ವೇಳೆ ಹಿಮ ಪದೇ ಪದೇ ಜಾರಿದ ಹಾದಿಯೇ ಆಗಿರುತ್ತದೆ. ಅಕ್ಕಪಕ್ಕದಲ್ಲಿ ದಟ್ಟ ಕಾಡಿದ್ದು ನಡುವೆ ಮಾತ್ರ ಬೋಳು ಪಟ್ಟಿ ಇದ್ದರೆ, ಮರಗಳ ಮೇಲ್ಮುಖದ ಕೊಂಬೆಗಳೆಲ್ಲ ಮುರಿದಿದ್ದರೆ, ಅಲ್ಲಿ ಡೇರೆ ಹಾಕಬಾರದು.

ಇಳಿಜಾರಿನ ಲೆಕ್ಕ ಮುಖ್ಯ. ಚಪ್ಪಡಿ ಕುಸಿತಗಳಲ್ಲಿ ಬಹುಪಾಲು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತವೆ. ಅದಕ್ಕಿಂತ ಕಡಿದಾದ ಕಡೆ ಹಿಮ ನಿಲ್ಲದೆ ಆಗಾಗ ಉದುರಿಹೋಗುತ್ತದೆ. ಅದಕ್ಕಿಂತ ಚಪ್ಪಟೆಯಾದ ಕಡೆ ಸುಲಭಕ್ಕೆ ಜಾರುವುದಿಲ್ಲ. ಶಾಲೆಯ ಕಂಪಾಸ್ ಪೆಟ್ಟಿಗೆಯ ಕೋನಮಾಪಕಕ್ಕೆ ದಾರ ಕಟ್ಟಿ ತುದಿಗೊಂದು ಕಲ್ಲು ತೂಗಿಬಿಟ್ಟರೆ ಇಳಿಜಾರು ಅಳೆಯುವ ಸಾಧನ ಸಿದ್ಧ. ಒಂದು ಮಾತು ನೆನಪಿರಲಿ: ನೀವು ನಿಂತಿರುವ ಜಾಗ ಸಮತಟ್ಟಾಗಿದ್ದರೆ ಸಾಲದು. ನಿಮ್ಮ ತಲೆಯ ಮೇಲಿನ ಇಳಿಜಾರು ಎಷ್ಟು ಎಂದು ನೋಡಬೇಕು.

ಕಾಲದ ಲೆಕ್ಕವೂ ಅಷ್ಟೇ ಮುಖ್ಯ. ಭಾರಿ ಹಿಮ ಬಿದ್ದ ಮೊದಲ ಒಂದೆರಡು ದಿನ ಅಪಾಯ ಹೆಚ್ಚು. ಮೋಡ ಕಳೆದು ಬಿಸಿಲು ಬಂದು ಆಕಾಶ ನೀಲಿಯಾಗುವುದೂ, ನಮಗೆ ಹೊರಡುವ ಹುರುಪು ಬರುವುದೂ ಅದೇ ದಿನ. ಗಾಳಿ ಒಂದು ಮಗ್ಗುಲ ಹಿಮವನ್ನು ಗುಡಿಸಿ ಮರೆಯ ಮಗ್ಗುಲಿಗೆ ಸುರಿಯುತ್ತದೆ. ಹಿಮ ಬೀಳದ ದಿನವೂ ಆ ಮಗ್ಗುಲಲ್ಲಿ ಚಪ್ಪಡಿ ಬೆಳೆಯುತ್ತಿರುತ್ತದೆ. ಇದ್ದಕ್ಕಿದ್ದಂತೆ ಸೆಕೆಯಾದರೆ, ಹಿಮದ ಮೇಲೆ ಮಳೆ ಬಿದ್ದರೆ ಅದೂ ಅಪಾಯವೇ.

ಹಿಮ ತಾನೇ ಕೆಲವು ಸುಳಿವು ಕೊಡುತ್ತದೆ. ಎದುರಿನ ಬೆಟ್ಟದಲ್ಲಿ ಹೊಸದಾಗಿ ಕುಸಿದ ಗುರುತು ಒಂದು. ಹೆಜ್ಜೆಯಿಟ್ಟಾಗ ಕಾಲಿನಿಂದ ಬಿರುಕು ಹರಿದೋಡುವುದು ಎರಡು. ಕಾಲಡಿ ‘ಧುಮ್ಮ್’ ಎಂದು ನೆಲ ಒಳಕ್ಕೆ ಕೂತಂಥ ಸದ್ದು ಮೂರು. ಈ ಮೂರರಲ್ಲಿ ಒಂದು ಕಂಡರೂ ಕೇಳಿದರೂ ಕಡಿದಾದ ಕಡೆ ಹೋಗುವ ಮಾತು ಅಂದಿಗೆ ಮುಗಿಯಿತು.

ಹದಿನೈದು ನಿಮಿಷ

ಯೂರೋಪ್ ಮತ್ತು ಉತ್ತರ ಅಮೆರಿಕದ ಅಪಘಾತಗಳನ್ನು ಪರಿಶೀಲಿಸಿದವರು ಕಂಡುಕೊಂಡ ಸತ್ಯವೊಂದಿದೆ. ಹೆಚ್ಚುಕಡಮೆ ಹತ್ತರಲ್ಲಿ ಒಂಬತ್ತು ಪ್ರಕರಣಗಳಲ್ಲಿ, ಸಿಕ್ಕಿಬಿದ್ದವರೋ ಅವರ ಜೊತೆಯವರೋ ಹಿಮವನ್ನು ಕೆಡವಿದ್ದಾರೆ. ಬೆಟ್ಟ ಮೈಮೇಲೆ ಬಂತು ಎನ್ನುವುದಕ್ಕಿಂತ ನಾವೇ ಎಳೆದುಕೊಂಡೆವು ಎನ್ನುವುದು ಸರಿ. ಇದರಲ್ಲಿ ಒಂದು ಸಮಾಧಾನವೂ ಉಂಟು: ಕಾರಣ ನಮ್ಮ ಕೈಯಲ್ಲಿದ್ದರೆ ಉಪಾಯವೂ ನಮ್ಮ ಕೈಯಲ್ಲಿದೆ.

ಹೂತವರು ಎಷ್ಟು ಹೊತ್ತು ಬದುಕುತ್ತಾರೆ? ಸ್ವಿಟ್ಜರ್ಲೆಂಡಿನ ಲೆಕ್ಕಗಳ ಪ್ರಕಾರ ಮೊದಲ ಹತ್ತು ಹದಿನೈದು ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಉಳಿಯುತ್ತಾರೆ. ಅರ್ಧ ಗಂಟೆ ದಾಟಿದರೆ ಮೂವರಲ್ಲಿ ಒಬ್ಬರು ಉಳಿದರೆ ಹೆಚ್ಚು. ಸಾಯುವುದು ಚಳಿಗಿಂತ ಮೊದಲು ಉಸಿರುಗಟ್ಟಿ. ಹನುಮಂತಪ್ಪ ಅಷ್ಟು ದಿನ ಜೀವ ಹಿಡಿದದ್ದು ಅವರ ಸುತ್ತ ಗಾಳಿಯ ಎಡೆ ಉಳಿದಿದ್ದರಿಂದ, ಅವರ ಅಪಾರ ದೇಹಬಲ, ಮನೋಬಲದಿಂದ. ಅದು ಅಪರೂಪದಲ್ಲಿ ಅಪರೂಪ. ಚಾರಣಿಗರು ನಂಬಿ ಹೊರಡುವ ಲೆಕ್ಕವಲ್ಲ.

ಹೆಲಿಕಾಪ್ಟರು ಹದಿನೈದು ನಿಮಿಷದಲ್ಲಿ ಬರುವುದಿಲ್ಲ. ಉಳಿಸಬಲ್ಲವರು ಪಕ್ಕದಲ್ಲಿರುವ ಜೊತೆಗಾರರು ಮಾತ್ರ. ಅದಕ್ಕೆ ಪ್ರತಿಯೊಬ್ಬರ ಬಳಿ ಮೂರು ವಸ್ತು ಬೇಕು: 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸುವ, ಹುಡುಕುವಾಗ ಅದನ್ನೇ ಹಿಡಿಯುವ ಬೀಕನ್, ಹಿಮದೊಳಗೆ ಚುಚ್ಚಿ ನೋಡುವ ಮಡಿಸುವ ಸಲಾಕೆ, ಅಗೆಯಲು ಲೋಹದ ಸಲಿಕೆ. ಮೂರರಲ್ಲಿ ಒಂದಿಲ್ಲದಿದ್ದರೂ ಉಳಿದೆರಡು ಹೆಚ್ಚು ಉಪಯೋಗಕ್ಕೆ ಬಾರವು. ಅಭ್ಯಾಸವಿಲ್ಲದಿದ್ದರೆ ಮೂರೂ ಬರೀ ಹೊರೆ.

ಸಂಶಯದ ಇಳಿಜಾರನ್ನು ದಾಟಲೇಬೇಕಾದರೆ ಒಬ್ಬೊಬ್ಬರಾಗಿ ದಾಟಬೇಕು, ಉಳಿದವರು ಸುರಕ್ಷಿತ ಜಾಗದಿಂದ ನೋಡುತ್ತಿರಬೇಕು. ಹಿಮ ಕೊಚ್ಚಿಕೊಂಡು ಹೋದರೆ ಕೂಗಬೇಕು, ಅಂಚಿನತ್ತ ತಪ್ಪಿಸಿಕೊಳ್ಳಲು ಹೆಣಗಬೇಕು. ವೇಗ ತಗ್ಗುವಾಗ ಮುಖದ ಮುಂದೆ ಕೈ ಅಡ್ಡ ಹಿಡಿದು ಉಸಿರಿಗೆ ಜಾಗ ಮಾಡಿಕೊಳ್ಳಬೇಕು. ನೋಡುತ್ತಿರುವವರು ಆ ವ್ಯಕ್ತಿ ಕೊನೆಯದಾಗಿ ಕಂಡ ಜಾಗವನ್ನು ಗುರುತಿಟ್ಟುಕೊಂಡು, ಮತ್ತೆ ಕುಸಿಯುವ ಅಪಾಯವಿಲ್ಲವೆಂದು ನೋಡಿ, ಕೂಡಲೇ ಹುಡುಕಲು ತೊಡಗಬೇಕು. ಎಲ್ಲರೂ ಸಹಾಯ ಕರೆಯಲು ಓಡಿದರೆ ಆ ಹದಿನೈದು ನಿಮಿಷ ಓಟದಲ್ಲೇ ಕಳೆಯುತ್ತದೆ.

ಬಾಗಿಲು ಹಾಕುವ ವಿವೇಕ

ಇಷ್ಟೆಲ್ಲ ಹೊಸ ವಿಜ್ಞಾನವಾಯಿತು. ಹಳಬರು ಏನು ಮಾಡುತ್ತಿದ್ದರು? ಕೇದಾರನಾಥದ ರಾವಲರು ಕರ್ನಾಟಕದ ವೀರಶೈವ ಜಂಗಮ ಪರಂಪರೆಯಿಂದ ಬಂದವರು ಎಂಬುದು ನಮಗೆ ಹೆಮ್ಮೆಯ ವಿಷಯ. ಅಲ್ಲಿಯ ಪದ್ಧತಿ ಗಮನಿಸಿ. ಇಲ್ಲಿ ದೀಪಾವಳಿಯ ಹೊತ್ತಿಗೆ ಗೂಳೂರು ಗಣಪನಿಗೆ ಕಾರ್ತಿಕದ ಪೂಜೆ ಶುರುವಾದರೆ, ಅದೇ ದೀಪಾವಳಿಯ ಯಮದ್ವಿತೀಯದಂದು ಅಲ್ಲಿ ಕೇದಾರನ ಬಾಗಿಲು ಮುಚ್ಚುತ್ತದೆ. ಉತ್ಸವಮೂರ್ತಿ ಊಖೀಮಠಕ್ಕೆ ಇಳಿದು ಬರುತ್ತದೆ. ಚಳಿಗಾಲದ ಪೂಜೆಯೆಲ್ಲ ಅಲ್ಲಿಯೇ. ಬಾಗಿಲು ಮತ್ತೆ ತೆರೆಯುವುದು ಬೇಸಿಗೆಯಲ್ಲಿ. ದೇವರೇ ಆರು ತಿಂಗಳು ಬೆಟ್ಟ ಇಳಿದು ಬರುತ್ತಾನೆ. ಅದನ್ನು ಯಾರೂ ಸೋಲು ಎನ್ನುವುದಿಲ್ಲ.

ಮುಂದಿಟ್ಟ ಹೆಜ್ಜೆ ಹಿಂದಿಡಬಾರದು ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಹಿಮದ ಬೆಟ್ಟದಲ್ಲಿ ಈ ಮಾತು ಕೊಲ್ಲುತ್ತದೆ. ರಜೆ ಹಾಕಿಯಾಗಿದೆ, ಹಣ ಕಟ್ಟಿಯಾಗಿದೆ, ಮುಂದಿನ ತಂಡದ ಹೆಜ್ಜೆಗುರುತು ಇದೆ, ಗೈಡ್ ಸುಮ್ಮನಿದ್ದಾನೆ, ತಾನೊಬ್ಬನೇ ಬೇಡವೆಂದರೆ ಹೆದರುಪುಕ್ಕಲ ಎಂದಾರು — ಹೀಗೆ ಒಂದೊಂದು ಸಣ್ಣ ಸಂಕೋಚವೂ ಒಂದೊಂದು ಪದರ. ತಂಡದಲ್ಲಿ ಅತಿ ಕಿರಿಯನಿಗೂ ‘ಬೇಡ’ ಎನ್ನುವ ಹಕ್ಕಿರಬೇಕು, ಅದಕ್ಕೆ ಕಾರಣ ಕೊಡುವ ಹೊರೆ ಇರಬಾರದು.

ಹೆತ್ತವರು ಮಕ್ಕಳನ್ನು ತಡೆಯಬೇಕೆಂದು ನಾನು ಹೇಳುವುದಿಲ್ಲ. ಹಣ ಕಟ್ಟುವ ಮುನ್ನ ಕೆಲವು ಪ್ರಶ್ನೆ ಕೇಳಿ. ದಾರಿ 30 ಡಿಗ್ರಿ ಮೀರಿದ ಇಳಿಜಾರಿನ ಮೇಲೆ ಅಥವಾ ಕೆಳಗೆ ಹಾದುಹೋಗುತ್ತದೆಯೇ? 1969ರಲ್ಲಿ ಮನಾಲಿಯಲ್ಲಿ ಆರಂಭವಾಗಿ, 2020ರಲ್ಲಿ ರಕ್ಷಣಾ ಭೂಮಾಹಿತಿ ಸಂಶೋಧನಾ ಸಂಸ್ಥೆಯಲ್ಲಿ ವಿಲೀನವಾದ ಹಿಮ ಅಧ್ಯಯನ ಸಂಸ್ಥೆಯ ಕೆಲಸ ಇಂದಿಗೂ ನಡೆದಿದೆ. ಅಲ್ಲಿಂದ ಹಿಮಕುಸಿತದ ಮುನ್ನೆಚ್ಚರಿಕೆ ಹೊರಡುತ್ತದೆ. ಅದನ್ನು ಹೊರಡುವ ದಿನ ಯಾರು ನೋಡುತ್ತಾರೆ? ಬೀಕನ್, ಸಲಾಕೆ, ಸಲಿಕೆ ಉಂಟೇ? ಹವೆ ಕೆಟ್ಟರೆ ಕಾದು ಕೂರಲು ದಿನ ಮಿಗಿಸಿದ್ದೀರಾ? ಹಿಂದಿರುಗುವ ತೀರ್ಮಾನ ಯಾರದು?

ಈ ಪ್ರಶ್ನೆಗಳಿಗೆ ಬೇಸರಪಡದೆ ಉತ್ತರಿಸುವವರ ಜೊತೆ ಹೋಗಲಿ. ನಕ್ಕು ಹಾರಿಸಿಬಿಡುವವರ ಜೊತೆ ಬೇಡ. ಶಿಖರ ಮುಟ್ಟದೆ ಮನೆಗೆ ಬಂದ ಮಗನನ್ನು, ಮಗಳನ್ನು ‘ತುದಿ ಮುಟ್ಟಿದೆಯಾ’ ಎಂದು ಕೇಳಬೇಡಿ. ಎಲ್ಲಿಂದ ತಿರುಗಿ ಬಂದೆ, ಏನು ನೋಡಿ ತಿರುಗಿದೆ ಎಂದು ಕೇಳಿ. ಆ ಉತ್ತರದಲ್ಲಿ ಅವರು ಕಲಿತದ್ದು ಗೊತ್ತಾಗುತ್ತದೆ.