ಮಂಡಿ, ಮೊಣಕಾಲು, ಊರು



ಪತ್ರಿಕೆಯ ಕ್ರೀಡಾಪುಟ ತೆರೆದರೆ ಸಾಕು, ಸೋತ ತಂಡ ಗೆದ್ದ ತಂಡದ ಮುಂದೆ ಮಂಡಿಯೂರಿರುತ್ತದೆ. ಹೀಗೆ ಬರೆದೂ ಬರೆದೂ, ಮಂಡಿಯೂರುವುದೆಂದರೆ ಶರಣಾಗುವುದು ಎಂಬ ಅರ್ಥ ನಮ್ಮ ಮನಸ್ಸಿನಲ್ಲಿ ಭದ್ರವಾಗಿ ಕೂತುಬಿಟ್ಟಿದೆ. ಈ ಪದದ ಬೇರಿನಲ್ಲಿ ಸೋಲಿನ ಸುಳಿವೇ ಇಲ್ಲ ಎಂಬುದನ್ನು ಇಂದು ತಮ್ಮ ಮುಂದಿಡುತ್ತೇನೆ.

ಮೊದಲು ಮೊಣಕಾಲು. ಹಳಗನ್ನಡದಲ್ಲಿ ಇದು ‘ಮೊೞಕಾಲ್’. ತಮಿಳಿನ ‘ಮುೞಂಗಾಲ್’, ತೆಲುಗಿನ ‘ಮೋಕಾಲು’ ಇದರ ಒಡಹುಟ್ಟುಗಳು. ಆ ೞಕಾರ ನಮ್ಮ ಬಾಯಿಂದ ಬೇಗ ಜಾರಿಹೋಯಿತು. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ೞಕಾರವಿರುವ ಶಬ್ದಗಳನ್ನು ಪಟ್ಟಿಮಾಡಿ ಕೊಡಬೇಕಾಯಿತು. ಇನ್ನು ‘ಮೊಳ’. ಹೂ ಮಾರುವ ಹೆಂಗಸು ಮಲ್ಲಿಗೆ ದಂಡೆಯ ತುದಿಯನ್ನು ಬೆರಳಲ್ಲಿ ಹಿಡಿದು, ಮೊಣಕೈವರೆಗೆ ಎಳೆದು, ಕೊಸರಿಗೆಂದು ಇನ್ನಷ್ಟು ಬಿಟ್ಟು ಕತ್ತರಿಸುತ್ತಾಳಲ್ಲ, ಅದೇ ಮೊಳ. ತಮಿಳಿನಲ್ಲಿ ‘ಮುೞಿ’ ಎಂದರೆ ಮೈಯ ಕೀಲು. ಮೊಣಕೈ, ಮೊಣಕಾಲು, ಮೊಳ ಮೂರನ್ನೂ ಈ ಕೀಲಿನ ಜೊತೆಗಿಟ್ಟು ನೋಡುವುದೇ ಸರಿ ಎಂದು ನನಗನ್ನಿಸುತ್ತದೆ. ಸಂಸ್ಕೃತದ ‘ಜಾನು’ ಬೇರೆಯೇ ಮನೆತನದ್ದು. ಗ್ರೀಕಿನ ‘ಗೊನು’, ಲ್ಯಾಟಿನ್ನಿನ ‘ಗೆನು’, ಇಂಗ್ಲಿಷಿನ ‘ನೀ’ ಅದರ ನೆಂಟರು. ಕೈ ಮಂಡಿಯವರೆಗೆ ಇಳಿಬಿದ್ದವನು ಆಜಾನುಬಾಹು. ಅದನ್ನು ‘ಅಜಾನುಬಾಹು’ ಎಂದು ಬರೆದರೆ ಜಾನುವೇ ಇಲ್ಲದವನಾಗುತ್ತಾನೆ, ದಯವಿಟ್ಟು ಗಮನಿಸಿ.

‘ಮಂಡಿ’ಯಲ್ಲಿರುವುದು ಬಾಗುವಿಕೆ. ಬಾಗಿದ್ದು, ಮಡಿಸಿದ ಮೊಣಕಾಲು ಎಂಬುದು ಅದರ ಅರ್ಥ. ಅಕ್ಕಿ ಮಂಡಿ, ಈರುಳ್ಳಿ ಮಂಡಿಗಳಿಗೂ ಇದಕ್ಕೂ ಸಂಬಂಧವಿಲ್ಲ. ಬಿಲ್ಲುಗಾರ ಒಂದು ಮೊಣಕಾಲನ್ನು ನೆಲಕ್ಕೆ ಕೊಟ್ಟು ಬಾಣ ಹೂಡುವ ನಿಲುವಿಗೂ ತಮಿಳಿನಲ್ಲಿ ‘ಮಂಡಿ’ ಎಂಬ ಹೆಸರುಂಟು. ಅವನು ಯಾರಿಗೂ ಶರಣಾಗಿಲ್ಲ. ಗುರಿ ಅಲುಗಬಾರದೆಂದು ಹಾಗೆ ಕೂತಿದ್ದಾನೆ.

ಪದದ ಜೀವವಿರುವುದು ‘ಊರು’ ಎಂಬ ಕ್ರಿಯೆಯಲ್ಲಿ. ಇಂದು ನಮ್ಮ ಕಿವಿಗೆ ಮೂರು ‘ಊರು’ಗಳು ಒಂದೇ. ಜನ ವಾಸಿಸುವ ಊರಿಗೆ ಮೊದಲಿನಿಂದಲೂ ಸಾಮಾನ್ಯ ರಕಾರ. ಭಾಸನ ‘ಊರುಭಂಗ’ದ ಊರು ಸಂಸ್ಕೃತದ್ದು, ಅದು ತೊಡೆ. ನಮ್ಮ ಕ್ರಿಯಾಪದವಾದರೋ ‘ಊಱು’, ಶಕಟರೇಫವೆಂಬ ಹಳೆಯ ಱಕಾರದ್ದು. ತಮಿಳಿನಲ್ಲಿ ಅದು ‘ಊನ್ಱು’. ನಮ್ಮ ಊರುಗೋಲು ಅಲ್ಲಿ ‘ಊನ್ಱುಕೋಲ್’. ಊರುವುದೆಂದರೆ ನೆಡುವುದು, ಒತ್ತಿ ನಿಲ್ಲಿಸುವುದು, ಭಾರ ಬಿಟ್ಟು ಆಧಾರ ಪಡೆಯುವುದು. ಗಿಡ ಬೇರೂರುತ್ತದೆ, ವಲಸೆ ಬಂದವರು ತಳವೂರುತ್ತಾರೆ, ಮುದುಕರು ಕೋಲೂರುತ್ತಾರೆ. ಇವುಗಳಲ್ಲಿ ಯಾವುದನ್ನೂ ನಾವು ಸೋಲೆನ್ನುವುದಿಲ್ಲ. ಮಂಡಿಯೂರುವುದೂ ಇದೇ ಸಾಲಿನದು. ನೆಲಕ್ಕೆ ಕಲ್ಲು ಹಾಸುವವನು ದಿನವಿಡೀ ಮಂಡಿಯೂರಿಯೇ ಇರುತ್ತಾನೆ, ಚರ್ಚಿನಲ್ಲಿ ಭಕ್ತರು ಮೊಣಕಾಲೂರಿ ಪ್ರಾರ್ಥಿಸುತ್ತಾರೆ. ತರಗತಿಯ ಶಿಕ್ಷೆಯೂ ಕ್ರಿಕೆಟ್ಟಿನ ಶೀರ್ಷಿಕೆಯೂ ಇಷ್ಟು ದೊಡ್ಡ ಪದವನ್ನು ಅವಮಾನದ ಮೂಲೆಗೆ ತಳ್ಳಿದ್ದು ನನಗೆ ನಿಜಕ್ಕೂ ಸಂಕಟದ ವಿಷಯ.

ಕೂರುವ, ಬಾಗುವ, ಊರುವ ಬಗೆಗಳಿಗೆ ಕನ್ನಡದಲ್ಲಿ ಪದಗಳ ಬರವಿಲ್ಲ: ಕುಕ್ಕರುಗಾಲು, ಚಕ್ಕಳಮಕ್ಕಳ, ಅಂಬೆಗಾಲು, ತುದಿಗಾಲು. ಸೀಮೆಯಿಂದ ಸೀಮೆಗೆ ಇವು ಬದಲಾಗುತ್ತವೆ, ನಿಘಂಟಿಗೆ ಸೇರದೆ ಉಳಿದವೂ ಇವೆ. ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ: ನಿಮ್ಮ ಮನೆಯ ಹಿರಿಯರು ಬಳಸುವ ಇಂಥ ಪದಗಳನ್ನು, ಯಾವ ಊರು, ಯಾವ ಕೆಲಸದ ನಡುವೆ ಕೇಳಿದ್ದು ಎಂಬ ವಿವರದೊಂದಿಗೆ, ಈ ವರ್ಷವೇ ಬರೆದಿಡಿ.